ಕರಿಕೋಟು ಹೊಳೀತಿದೆ, ಬಿಳಿ ಕಾಲರ್ ಹಳದಿ ಆಗಿದೆ. ಏನು ಮಾಡೋದು?

ಹೊಸಕೋಟು, ಬೆಂಗಳೂರು

ವಕೀಲಿಕೆಗೆ ಬಂದು ಎರಡು ವರ್ಷ. ಸನ್ನದು ಸಿಕ್ಕಾಗ ಹೊಲಿಸಿದ ಒಂದು ಕೋಟು, ಎರಡು ಕಪ್ಪು ಪ್ಯಾಂಟು, ಮೂರು ಬಿಳಿ ಶರ್ಟು, ಇಷ್ಟೇ ನನ್ನ ಸ್ಥಿರ-ಚರಾಸ್ತಿ. ಮೊನ್ನೆ ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ ಹಿಂದೆ ನಡೆದು ಬರ್ತಿದ್ದ ನಮ್ಮ ಸೀನಿಯರ್, "ಏನಯ್ಯಾ, ನಿನ್ನ ಪ್ಯಾಂಟಿನಲ್ಲಿ ನನ್ನ ಮುಖ ಕಾಣ್ತಿದೆ" ಅಂದರು. ಜೊತೆಗಿದ್ದ ಕಕ್ಷಿದಾರರೂ ನಕ್ಕರು. ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದೆ. ನಿಜ, ಕೂರುವ ಜಾಗ, ಮೊಣಕೈ, ಕಿಸೆಯ ಬಾಯಿ ಎಲ್ಲಾ ಪಳಪಳ. ಮೂರು ಶರ್ಟಿನ ಕಾಲರ್ ಒಳಗೂ ಅರಿಶಿನದ ದಾರ ಕಟ್ಟಿದ ಹಾಗೆ ಹಳದಿ ಗೆರೆ. ಕತ್ತಿಗೆ ಕಟ್ಟೋ ಬಿಳಿ ಬ್ಯಾಂಡ್ ಅಂತೂ ಮಧ್ಯಾಹ್ನದ ಹೊತ್ತಿಗೆ ಬಾಡಿದ ವೀಳ್ಯದೆಲೆ.

ನಾನೇನೂ ಸೋಮಾರಿ ಅಲ್ಲ. ತಿಂಗಳಿಗೊಮ್ಮೆ ಕೋಟು ಡ್ರೈಕ್ಲೀನ್‌ಗೆ ಕೊಡ್ತೀನಿ, ಪ್ಯಾಂಟು ಪ್ರತಿ ದಿನ ಇಸ್ತ್ರಿ ಆಗುತ್ತೆ. ಸ್ಟೈಪೆಂಡಿನಲ್ಲಿ ಒಳ್ಳೇ ಪಾಲು ಇದಕ್ಕೇ ಹೋಗ್ತಿದೆ. ಎಲ್ಲಿ ತಪ್ಪುತ್ತಿದ್ದೀನಿ?

ಧಾರವಾಡದಾಂವ

ತಮ್ಮಾ, ನೀ ಹೇಳಿದ ಕೊನೀ ಎರಡು ಸಾಲಿನ್ಯಾಗ ಉತ್ತರ ಐತಿ. ತಿಂಗಳಿಗೊಮ್ಮೆ ಡ್ರೈಕ್ಲೀನ್, ದಿನಾ ಇಸ್ತ್ರಿ. ಬಟ್ಟಿ ಹಾಕ್ಕೊಂಡು ಸವೆಯೂದಕ್ಕಿಂತ ತೊಳದು ತಿಕ್ಕಿ ಸವೆಯೂದ ಜಾಸ್ತಿ.

ನನ್ನ ಕೋಟು ವರ್ಷಕ್ಕ ಎರಡ ಸಲ ಅಂಗಡಿ ಮುಖ ನೋಡ್ತದ. ಒಮ್ಮೆ ಬ್ಯಾಸಗಿ ರಜಾಕ್ಕ, ಇನ್ನೊಮ್ಮೆ ದಸರಾ ರಜಾಕ್ಕ. ಉಳಿದ ದಿನ ಮನಿಗೆ ಬಂದ ಕೂಡ್ಲೆ ಕಿಸೆ ಖಾಲಿ ಮಾಡ್ತೀನಿ. ಪೆನ್ನು, ಮೊಬೈಲು, ಕೀಲಿ, ಕೋರ್ಟ್ ಫೀ ಸ್ಟಾಂಪು, ಎಲ್ಲಾ ಹೊರಗ. ತುಂಬಿದ ಕಿಸೆ ಇಟ್ಟು ತೂಗಹಾಕಿದ್ರ ಕೋಟು ಜೋತು ಬೀಳ್ತದ. ಅಗಲ ಹೆಗಲಿನ ಕಟಗಿ ಹ್ಯಾಂಗರಿಗೆ ಹಾಕಿ ಕಿಡಕಿ ಹತ್ತರ ರಾತ್ರಿ ಪೂರಾ ಗಾಳಿಗೆ ಬಿಡೂದು. ತಂತಿ ಹ್ಯಾಂಗರ್ ಬ್ಯಾಡ, ಹೆಗಲಿಗೆ ಕೊಂಬು ಮೂಡ್ತಾವ. ಬೆವರು ಆರೂತನಕ ಬೀರುವಿನ್ಯಾಗ ಇಡಬ್ಯಾಡ. ಮುಂಜಾನೆ ಬಟ್ಟಿ ಬ್ರಷ್ ತಗೊಂಡು ಮ್ಯಾಲಿಂದ ಕೆಳಗ ಒಂದ ದಿಕ್ಕಿಗೆ ಎಳಿ. ನಮ್ಮ ಹುಬ್ಬಳ್ಳಿ-ಧಾರವಾಡದ ಧೂಳು ಉಸುಕಿನ ಕಾಗದ ಇದ್ದಂಗ, ನೂಲಿನ್ಯಾಗ ಕೂತು ಒಳಗಿಂದ ತಿಂತದ.

ಸುಕ್ಕು ಬಿದ್ರ? ಬಿಸಿನೀರಿನ ಸ್ನಾನ ಮಾಡುಮುಂದ ಬಚ್ಚಲಮನಿ ಬಾಗಿಲಿಗೆ ತೂಗಹಾಕು. ಹಬೆಗೆ ತಾನ ಬಿಡ್ತದ.

ದುಡ್ಡು ಕೂಡಿದ ಮ್ಯಾಲೆ ಇನ್ನೊಂದು ಕೋಟು ಹೊಲಿಸು. ಹೊಲಿಸು ಅಂದೆ, ಹೊಲಸು ಅಲ್ಲ. ಒಂದ ದಿನ ಇದು, ಒಂದ ದಿನ ಅದು. ಎತ್ತಿಗೂ ವಾರಕ್ಕೊಂದ ದಿನ ಬಿಡುವು ಕೊಡ್ತೀವಿ, ಕೋಟಿಗೆ ಬ್ಯಾಡೇನು?

ಕೈಹೊಲಿಗೆ, ಮೈಸೂರು

ಮೇಲಿನ ಸರ್ ಸರಿಯಾಗಿ ಹೇಳಿದ್ದಾರೆ. ನಾನು ದರ್ಜಿ, ವಕೀಲರ ಕೋಟು ಬಹಳ ಹೊಲಿದಿದ್ದೇನೆ, ಅದಕ್ಕಿಂತ ಹೆಚ್ಚು ರಿಪೇರಿ ಮಾಡಿದ್ದೇನೆ.

ಹೊಳಪಿನಲ್ಲಿ ಎರಡು ಜಾತಿ. ಉಣ್ಣೆ ಬೆರೆತ ಬಟ್ಟೆಯಾದರೆ ಕುರ್ಚಿಗೆ ಉಜ್ಜಿ ಉಜ್ಜಿ ನೂಲಿನ ರೋಮ ಮಲಗಿಬಿಟ್ಟಿರುತ್ತೆ, ಹಬೆ ಕೊಟ್ಟು ಎಬ್ಬಿಸಬಹುದು. ಪಾಲಿಯೆಸ್ಟರ್ ಜಾಸ್ತಿ ಇರುವ ಬಟ್ಟೆ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ನೇರವಾಗಿ ಇಟ್ಟರೆ ನೂಲೇ ಮೆತ್ತಗಾಗಿ ಚಪ್ಪಟೆ ಆಗುತ್ತೆ. ಅದು ಬ್ರಹ್ಮ ಬಂದರೂ ಪೂರ್ತಿ ಸರಿ ಹೋಗಲ್ಲ. ಒಳಗಿನ ಲೇಬಲ್ ಏನು ಹೇಳುತ್ತೆ ನೋಡಿ ಹೇಳಿ.

ಹೊಸಕೋಟು

ಪ್ಯಾಂಟು ರೆಡಿಮೇಡ್, ಲೇಬಲ್ ಇದೆ. ಪಾಲಿಯೆಸ್ಟರ್ 65, ವಿಸ್ಕೋಸ್ 35. ಕೋಟಿಗೆ ಲೇಬಲ್ಲೇ ಇಲ್ಲ ಸರ್, ಅಂಗಡಿಯವರು ಪಾಲಿಯೆಸ್ಟರ್-ಉಣ್ಣೆ ಬೆರೆತ "ಟೆರಿವುಲ್" ಅಂದಿದ್ದರು.

ಕೈಹೊಲಿಗೆ

ಹಾಗಾದರೆ ಪ್ಯಾಂಟಿನದು ಅರ್ಧ ಕಳೆದುಹೋದ ಕೇಸು. ಅಪೀಲಿಗೆ ಅವಕಾಶ ಇದೆ, ಗೆಲುವಿನ ಖಾತ್ರಿ ಇಲ್ಲ. ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ. ಹಳೇ ಪಂಚೆ ತುಂಡು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಹೊಳೆಯುವ ಜಾಗದ ಮೇಲೆ ಹಾಸಿ. ಮಧ್ಯಮ ಬಿಸಿಯ ಪೆಟ್ಟಿಗೆಯನ್ನು ಎಳೆಯಬೇಡಿ, ಇಟ್ಟು ಎತ್ತಿ, ಇಟ್ಟು ಎತ್ತಿ. ಪಂಚೆ ತೆಗೆದ ತಕ್ಷಣ ಇನ್ನೂ ಹಬೆ ಆಡುತ್ತಿರುವಾಗಲೇ ಬ್ರಷ್ ಹೊಡೆಯಿರಿ. ಮೊದಲು ಒಳ ಅಂಚಿನಲ್ಲಿ ಒಂದು ಮೂಲೆ ಪರೀಕ್ಷೆ ಮಾಡಿ, ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಮುಂದೆ ಕಪ್ಪು ಬಟ್ಟೆಯನ್ನು ಒಳಮೈ ಹೊರಗೆ ತಿರುಗಿಸಿಯೇ ಇಸ್ತ್ರಿ. ಹೊರಮೈಗೆ ಮಡಿಕೆ ಗೆರೆ ಬೇಕಾದರೆ ಮೇಲೆ ಬಟ್ಟೆ ಹಾಸಿ. ಲೇಬಲ್ಲಿನ ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕಿ ಇದ್ದರೆ ಸುಮಾರು 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200. ನಿಮ್ಮದಕ್ಕೆ ಎರಡರ ಮೇಲೆ ಹೋಗಬೇಡಿ.

ಕೋಟಿನ ವಿಷಯ ಬೇರೆ. ಗುಂಡಿ ಕೆಳಗಿನ ಬಟ್ಟೆಯನ್ನು ಎರಡೂ ಕಡೆಯಿಂದ ಚಿವುಟಿ ಎಳೆದು ನೋಡಿ. ಹೊರಬಟ್ಟೆ, ಒಳಬಟ್ಟೆ ನಡುವೆ ಮೂರನೇದೊಂದು ಪದರ ಬೆರಳಿಗೆ ಬಿಡಿಯಾಗಿ ಸಿಕ್ಕರೆ ಅದು ಕ್ಯಾನ್ವಾಸ್ ಹಾಕಿ ಹೊಲಿದದ್ದು. ಸಿಗದಿದ್ದರೆ ಅಂಟಿಸಿದ್ದು, ನಾವು ಫ್ಯೂಸಿಂಗ್ ಅಂತೀವಿ. ಫ್ಯೂಸಿಂಗ್ ಕೋಟಿಗೆ ಬಿಸಿಯೂ ಒದ್ದೆಯೂ ಶತ್ರು. ಅಂಟು ಬಿಟ್ಟರೆ ಎದೆ ಮೇಲೆ ಪೂರಿ ಉಬ್ಬಿದ ಹಾಗೆ ಗುಳ್ಳೆ ಏಳುತ್ತೆ.

ಕಡಲತಡಿ, ಮಂಗಳೂರು

ಅಯ್ಯೋ ಆ ಪೂರಿ ನನ್ನ ಕೋಟಿನಲ್ಲಿ ಉಂಟು ಮಾರಾಯ್ರೆ! ಜುಲೈ ಮಳೆಯಲ್ಲಿ ನೆನೆದು ಬಂದೆ, ಮರುದಿನ ಕೇಸು ಇತ್ತು, ಹತ್ತಿರದ ಲಾಂಡ್ರಿಗೆ ಅರ್ಜೆಂಟ್ ಅಂತ ಕೊಟ್ಟೆ. ಒದ್ದೆ ಕೋಟಿಗೆ ನೇರ ಪೆಟ್ಟಿಗೆ ಒತ್ತಿ ಒಣಗಿಸಿ ಕೊಟ್ಟರು. ಎಡಗಡೆ ಎದೆ ಪೂರ್ತಿ ಗುಳ್ಳೆ. ನ್ಯಾಯಾಧೀಶರು ಕೇಳಲಿಲ್ಲ, ಎದುರು ಪಾರ್ಟಿ ವಕೀಲರು ಕೇಳಿದರು.

ಈಗ ನನ್ನ ಕ್ರಮ ಹೀಗೆ. ನೆನೆದ ಕೋಟನ್ನು ಒಣ ಟವೆಲಿನಲ್ಲಿ ಒತ್ತಿ ನೀರು ತೆಗೆದು, ಹೆಗಲಿನ ಆಕಾರಕ್ಕೆ ಹ್ಯಾಂಗರಿನಲ್ಲಿ ಹಾಕಿ, ಫ್ಯಾನಿನ ಕೆಳಗೆ ಬಿಡುವುದು. ಪೂರ್ತಿ ಒಣಗುವ ತನಕ ಇಸ್ತ್ರಿ ಇಲ್ಲ. ಒಣಗದಿದ್ದರೆ ಅದು ಮರುದಿನ ಕೋರ್ಟಿಗೆ ಬರುವುದಿಲ್ಲ, ಅಷ್ಟೇ.

ನಮ್ಮ ಊರಿನ ದೊಡ್ಡ ಕಷ್ಟ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರು ಮುಚ್ಚಿಟ್ಟರೆ ಕರಿಗೌನಿನ ಮೇಲೆ ಬಿಳಿ ನಕ್ಷತ್ರ. ಡ್ರೈಕ್ಲೀನ್ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ತೂಗಹಾಕುವವರಿಗೆ ಮೊದಲು ಬರುತ್ತದೆ, ಒಳಗಿನ ತೇವ ಹೊರಗೆ ಹೋಗಲಿಕ್ಕೆ ದಾರಿಯೇ ಇಲ್ಲ. ಕವರು ತೆಗೆದು ಹಳೇ ಕಾಟನ್ ಸೀರೆಯ ಚೀಲ ಹೊಲಿಸಿ ಆಯ್ತಾ. ಬೂಷ್ಟು ಬಂದರೆ ಮನೆ ಒಳಗೆ ಕೊಡವಬೇಡಿ, ಉಳಿದದ್ದಕ್ಕೆಲ್ಲ ಹಬ್ಬುತ್ತದೆ. ಅಂಗಳಕ್ಕೆ ಒಯ್ದು ಒಣ ಬ್ರಷ್ಷಿನಲ್ಲಿ ತೆಗೆದು, ಬಿಸಿಲು ಬಂದ ದಿನ ಒಳಮೈ ಹೊರಗೆ ಮಾಡಿ ನೆರಳಲ್ಲಿ ಗಾಳಿಗೆ ಹಾಕಿ.

ಬಿಸಿಲೂರು, ಕಲಬುರಗಿ

ನೀವು ಮಳೆ ಕಥಿ ಹೇಳ್ರಿ, ನಮ್ದು ಬೆವರಿನ ಕಥಿ. ಮೇ ತಿಂಗಳಾಗ ಕರಿಕೋಟಿನ ಬೆನ್ನ ಮ್ಯಾಲ ಬಿಳೀ ನಕ್ಷಾ ಬರೀತದ ಉಪ್ಪು. ಬಾರ್ ಕೌನ್ಸಿಲ್ ನಿಯಮದಾಗ ಬ್ಯಾಸಗ್ಯಾಗ ಕೋಟು ಕಡ್ಡಾಯ ಅಲ್ಲ ಅಂತ ಅದ, ಖರೇ. ಆದ್ರ ಸುಪ್ರೀಂ ಕೋರ್ಟು, ಹೈಕೋರ್ಟಿಗೆ ಆ ವಿನಾಯಿತಿ ಇಲ್ಲ. ನಮ್ಮೂರಿಗೆ ಹೈಕೋರ್ಟ್ ಪೀಠ 2008ರಾಗ ಬಂತು, 2013ರಾಗ ಕಾಯಂ ಆಯ್ತು. ಬೆಂಗಳೂರಿಗೆ ರಾತ್ರಿ ರೈಲು ಹತ್ತೋದು ತಪ್ಪಿತು, ಖುಷಿನೇ. ಜೋಡಿಗೆ 42 ಡಿಗ್ರ್ಯಾಗ ಕೋಟು, ಬ್ಯಾಂಡು, ಗೌನು ಮೂರೂ ಬಂದ್ವು.

ಉಪ್ಪಿನ ಗೆರಿ ಡ್ರೈಕ್ಲೀನಿಗೆ ಸರಿಯಾಗಿ ಹೋಗಂಗಿಲ್ಲ, ನಾ ಎರಡ ಸಲ ರೊಕ್ಕ ಕೊಟ್ಟು ಕಲ್ತೀನಿ. ಯಾಕಂತ ಗೊತ್ತಿಲ್ಲ.

ರಸಾಯನ, ತುಮಕೂರು

ಯಾಕೆ ಅಂತ ನಾನು ಹೇಳ್ತೀನಿ, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಡ್ರೈಕ್ಲೀನ್ ಅಂದರೆ ನೀರಿಲ್ಲದ ದ್ರಾವಕದಲ್ಲಿ ತೊಳೆಯೋದು. ಪರ್‌ಕ್ಲೋರೋಎಥಿಲೀನ್ ಇರಬಹುದು, ಪೆಟ್ರೋಲಿಯಂ ದ್ರಾವಕ ಇರಬಹುದು. ಅವು ಎಣ್ಣೆ, ಜಿಡ್ಡು ಕರಗಿಸುತ್ತವೆ. ಬೆವರಿನ ಉಪ್ಪು ಕರಗೋದು ನೀರಿನಲ್ಲಿ. ಹಾಗಾಗಿ ಕೊಡುವ ಮೊದಲು ಕಲೆ ಯಾವುದು ಅಂತ ಅಂಗಡಿಯವರಿಗೆ ತೋರಿಸಿ, ನೀರಿನ ಕೆಲಸ ಅವರು ಬೇರೆಯಾಗಿ ಮಾಡಬೇಕು. ಮನೆಯಲ್ಲಾದರೆ ಬಿಳಿ ಬಟ್ಟೆ ತಣ್ಣೀರಿನಲ್ಲಿ ಅದ್ದಿ ಹಿಂಡಿ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಎಲ್ಲಕ್ಕಿಂತ ಸುಲಭ ಅಂದರೆ ಒಳಗೆ ಕಾಟನ್ ಬನಿಯನ್. ಸೆಕೆ ಅಂತ ಬನಿಯನ್ ಬಿಡುವವರೇ ಕೋಟು ಹಾಳು ಮಾಡಿಕೊಳ್ಳೋದು.

ಸುಮ್ನೆಒಬ್ಬ

ಕಾಲರ್ ಹಳದಿಗೆ ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ. ಬ್ಲೀಚಿಂಗ್ ಪೌಡರ್ ಹಾಕಿ ನೆನೆಸಿ, ಹಾಲು ಬಿಳುಪು.

ರಸಾಯನ

ದಯವಿಟ್ಟು ಬೇಡ. ಬೆವರಿನ ಕಲೆಗೆ ಕ್ಲೋರಿನ್ ಬ್ಲೀಚ್ ತಾಗಿದರೆ ಎಷ್ಟೋ ಸಲ ಹಳದಿ ಇನ್ನೂ ಗಾಢ ಆಗುತ್ತೆ, ಸುಕ್ಕಾಗದ ಫಿನಿಶ್ ಕೊಟ್ಟ ಶರ್ಟುಗಳಲ್ಲಂತೂ ಇಡೀ ಬಟ್ಟೆಯೇ ಹಳದಿ ತಿರುಗಬಹುದು. ನೂಲೂ ಸಾಯುತ್ತೆ. ಮೇಲೆ ವಿನೆಗರ್ ಮಾತು ಬಂದಿದೆ, ಅದಕ್ಕೇ ಎಚ್ಚರಿಕೆ: ಬ್ಲೀಚಿಗೆ ವಿನೆಗರ್, ನಿಂಬೆಹುಳಿ ಅಥವಾ ಟಾಯ್ಲೆಟ್ ಕ್ಲೀನರ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತೆ, ಬಚ್ಚಲುಮನೆಯಷ್ಟು ಚಿಕ್ಕ ಜಾಗದಲ್ಲಿ ಅದು ತಮಾಷೆ ಅಲ್ಲ.

ಹಳೇ ಹಳದಿಗೆ ಸೋಡಿಯಂ ಪರ್‌ಕಾರ್ಬನೇಟ್ ಪುಡಿ, ಅಂಗಡಿಗಳಲ್ಲಿ ಆಕ್ಸಿಜನ್ ಬ್ಲೀಚ್ ಅಂತ ಸಿಗುತ್ತೆ. ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತೆ. ಕೈ ತಡೆಯುವಷ್ಟು ಬಿಸಿ, ಅಂದರೆ 40 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ. ಬಿಳಿ ಕಾಟನ್, ಟೆರಿಕಾಟ್‌ಗೆ ಮಾತ್ರ. ರೇಷ್ಮೆ, ಉಣ್ಣೆಗೆ ಬೇಡ.

ಶರ್ಟು ಹಳದಿ ಅಲ್ಲ, ಒಟ್ಟಾರೆ ಬೂದು ಬಣ್ಣ ಅನ್ನಿಸಿದರೆ ತಪ್ಪು ನಿಮ್ಮ ಬೋರ್‌ವೆಲ್ ನೀರಿನದು. ಗಡಸು ನೀರಿನಲ್ಲಿ ಬಾರ್ ಸೋಪು ನೊರೆ ಕೊಡದೆ ಗಸಿ ಆಗಿ ನೂಲಿನಲ್ಲಿ ಕೂರುತ್ತೆ. ಬಿಳಿ ಬಟ್ಟೆಗಾದರೂ ಕಾವೇರಿ ನೀರು ಎತ್ತಿಡಿ.

ಇಸ್ತ್ರಿಯವರಮಗಳು, ಬೆಂಗಳೂರು

ಈ ಚರ್ಚೆಯಲ್ಲಿ ಇಸ್ತ್ರಿಯವರಿಗೆ ಬೈಗುಳ ಬೀಳೋ ಮೊದಲೇ ಬರೆದುಬಿಡ್ತೀನಿ. ನಮ್ಮಪ್ಪ ಮೂವತ್ತು ವರ್ಷ ಮರದ ಕೆಳಗೆ ಬಂಡಿ ಇಟ್ಟುಕೊಂಡು ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿದವರು. ಈಗ ಗ್ಯಾಸ್ ಪೆಟ್ಟಿಗೆ. ಒಂದು ಬಟ್ಟೆಗೆ ಸಿಗೋ ಕಾಸಿಗೆ ಯಾರೂ ಕೇಳದೆ ಪಂಚೆ ಒದ್ದೆ ಮಾಡಿ ಹಾಸಿ ಹಬೆ ಕೊಡಲ್ಲ. ಬಾಯಿ ಬಿಟ್ಟು ಹೇಳಿ: "ಅಣ್ಣ, ಕಪ್ಪದಕ್ಕೆ ಮೇಲೆ ಬಟ್ಟೆ ಹಾಕಿ ಮಾಡಿ, ಎರಡು ರೂಪಾಯಿ ಜಾಸ್ತಿ ತಗೊಳ್ಳಿ." ಅಪ್ಪನಿಗೆ ಹೀಗೆ ಹೇಳುತ್ತಿದ್ದ ಒಬ್ಬರೇ ಒಬ್ಬ ವಕೀಲರಿದ್ದರು. ಅವರ ಪ್ಯಾಂಟಿಗೆ ಹಾಸೋಕೆ ಅಂತಲೇ ಒಂದು ಪಂಚೆ ತುಂಡು ಬಂಡಿಯ ಮೊಳೆಗೆ ಯಾವಾಗಲೂ ನೇತಾಡುತ್ತಿತ್ತು.

ಈಗ ಕಾಲರ್. ಅದು ಕೊಳೆ ಅಲ್ಲ, ಕತ್ತಿನ ಜಿಡ್ಡು ಮತ್ತು ಬೆವರು. ಜಿಡ್ಡು ಹೊಸದಾಗಿದ್ದಾಗ ಸುಲಭ, ಇಸ್ತ್ರಿ ಬಿಸಿ ತಾಗಿದ ಮೇಲೆ ಕಷ್ಟ. ಶನಿವಾರದ ತನಕ ಬುಟ್ಟಿಯಲ್ಲಿ ಗುಡ್ಡೆ ಹಾಕಬೇಡಿ. ಬಿಚ್ಚಿದ ದಿನವೇ ಕಾಲರ್, ಕಫ್ ಎರಡಕ್ಕೆ ಪಾತ್ರೆ ತೊಳೆಯೋ ಜೆಲ್ ಒಂದು ತೊಟ್ಟು ಹಚ್ಚಿ ಬೆರಳಲ್ಲೇ ತಿಕ್ಕಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಗಟ್ಟಿ ಬ್ರಷ್ಷಲ್ಲಿ ಕೆರೆದರೆ ಕಾಲರ್ ಅಂಚು ಬಾಯಿ ಬಿಡುತ್ತೆ. ಹಳದಿ ಹಾಗೇ ಇರುವ ಕಾಲರ್ ಮೇಲೆ ಇಸ್ತ್ರಿ ಹಾಕಲೇಬೇಡಿ, ಕಲೆ ಬೆಂದು ಕೂರುತ್ತೆ.

ಇಸ್ತ್ರಿ ಮಾಡೋವಾಗ ಶರ್ಟು ಅರೆಒದ್ದೆ ಇರಬೇಕು. ಅಪ್ಪ ಹಿಂದಿನ ರಾತ್ರಿ ನೀರು ಚಿಮುಕಿಸಿ ಬಿಗಿಯಾಗಿ ಸುತ್ತಿ ಇಡ್ತಿದ್ದರು, ಬೆಳಗ್ಗೆಗೆ ತೇವ ಎಲ್ಲಾ ಕಡೆ ಒಂದೇ ಸಮ ಹರಡಿರೋದು. ಮೊದಲು ಕಾಲರಿನ ಒಳಮೈ. ತುದಿಯಿಂದ ನಡುವಿಗೆ ಎಳೀಬೇಕು, ನಡುವಿಂದ ತುದಿಗೆ ಎಳೆದರೆ ತುದಿಯಲ್ಲಿ ಇಲಿಕಿವಿ ಸುಕ್ಕು ಉಳಿಯುತ್ತೆ. ಆಮೇಲೆ ಹೆಗಲು, ಕಫ್, ತೋಳು, ಕೊನೆಗೆ ಮೈ. ಕೋರ್ಟಿಗೆ ಹೋಗೋರಿಗೆ ಬೆನ್ನು ಕೊನೆಯಲ್ಲಿ ಅವಸರದಲ್ಲಾದರೂ ನಡೆಯುತ್ತೆ, ಹೇಗೂ ಕೋಟು ಮುಚ್ಚುತ್ತೆ. ಇಸ್ತ್ರಿ ಆದ ಕೂಡಲೇ ತೊಟ್ಟುಕೊಳ್ಳಬೇಡಿ. ಹತ್ತು ನಿಮಿಷ ಹ್ಯಾಂಗರಿಗೆ ಹಾಕಿ ತಣ್ಣಗಾಗಲಿ, ಬಿಸಿ ಬಟ್ಟೆ ಬೇಗ ಸುಕ್ಕಾಗುತ್ತೆ.

ಬ್ಯಾಂಡಿಗೆ ಸಬ್ಬಕ್ಕಿ ಗಂಜಿ. ಒಂದು ಚಮಚ ಸಬ್ಬಕ್ಕಿಗೆ ಒಂದು ಲೀಟರ್ ನೀರು, ಕಾಳು ಗಾಜಿನ ಹಾಗಾಗಿ ಕರಗೋ ತನಕ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಅನ್ನದ ಗಂಜಿಯೂ ಆಗುತ್ತೆ, ಸರಿಯಾಗಿ ಸೋಸದಿದ್ದರೆ ಚುಕ್ಕೆ ಚುಕ್ಕೆ ಅಂಟುತ್ತೆ. ನೀಲಿ ಹಾಕೋದಾದರೆ ಕೊನೆಯ ನೀರಿಗೆ ಎರಡೇ ಹನಿ, ಪೂರ್ತಿ ಕದಡಿದ ಮೇಲೆ ಬಟ್ಟೆ ಮುಳುಗಿಸಿ. ಬಟ್ಟೆ ಮೇಲೆ ಹನಿ ಬಿಟ್ಟರೆ ಕೃಷ್ಣಜನ್ಮಾಷ್ಟಮಿಯ ಪಾದದ ಗುರುತು.

ಧಾರವಾಡದಾಂವ

ತಂಗೀ, ಭಾಳ ಚೊಲೋ ಬರದಿ. ನಾ ಶರ್ಟಿಗೂ ಗಂಜಿ ಹಾಕಸ್ತೀನಿ. ಖಡಕ್ ಇದ್ರನ ಮಾತೂ ಖಡಕ್ ಬರ್ತಾವ.

ಕಡಲತಡಿ

ಧಾರವಾಡದಲ್ಲಿ ಆದೀತು ಸರ್, ಇಲ್ಲಿ ಆಗುವುದಿಲ್ಲ. ನಮ್ಮ ಸೆಕೆಗೆ ಗಂಜಿ ಹಾಕಿದ ಶರ್ಟು ಹನ್ನೊಂದು ಗಂಟೆಗೆ ಅಂಟು ದೋಸೆ. ಮತ್ತೆ ಗಂಜಿ ಹಾಕಿದ್ದನ್ನು ರಜೆಯಲ್ಲಿ ಬೀರುವಿನಲ್ಲಿ ಇಟ್ಟರೆ ಬೆಳ್ಳಿ ಬಣ್ಣದ ಆ ಸಣ್ಣ ಹುಳ ಉಂಟಲ್ಲ, ಪುಸ್ತಕ ತಿನ್ನುವುದು, ಅದಕ್ಕೆ ಹಬ್ಬದೂಟ. ಗಂಜಿಯೇ ಅದರ ಊಟ. ರಜೆಗೆ ಇಡುವ ಬಟ್ಟೆಯನ್ನು ಗಂಜಿ ಇಲ್ಲದೆ ತೊಳೆದು ಇಡಿ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗದ ಹಾಗೆ ಪೊಟ್ಟಣ ಕಟ್ಟಿ. ಮನೆಯಲ್ಲಿ ಕೂಸು ಇದ್ದರೆ ಬೇಡವೇ ಬೇಡ, ಕೆಲವು ಶಿಶುಗಳಿಗೆ ಆ ಗುಳಿಗೆಯ ನ್ಯಾಫ್ತಲೀನ್ ರಕ್ತಕ್ಕೆ ತೊಂದರೆ ಮಾಡುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬಿಳಿ ಸೀರೆ ಉಟ್ಟು ಕ್ಯಾಂಟೀನಿಗೆ ಹೋಗುವ ಧೈರ್ಯ ಇದ್ದವರು ಇದು ತಿಳಿದಿರಿ. ಸಾಂಬಾರು ಚೆಲ್ಲಿದ ಕಲೆಗೆ ಸೋಪು ಹಚ್ಚಿದರೆ ರಕ್ತದ ಹಾಗೆ ಕೆಂಪಾಗುತ್ತದೆ. ಮೊದಲ ಸಲ ನಾನು ಹೆದರಿ ಅತ್ತೇ ಬಿಟ್ಟಿದ್ದೆ. ಅದು ಅರಿಶಿನ ಸೋಪಿನ ಕ್ಷಾರಕ್ಕೆ ಬಣ್ಣ ಬದಲಿಸುವುದು, ಅಷ್ಟೇ. ತೊಳೆದು ಒದ್ದೆ ಇರುವಾಗಲೇ ನೇರ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಒಂದೆರಡು ಬಿಸಿಲಿಗೆ ಹೋಗುತ್ತದೆ. ಕಪ್ಪು ಬ್ಲೌಸು, ಗೌನು ಮಾತ್ರ ತಪ್ಪಿಯೂ ಬಿಸಿಲಿಗೆ ಬೇಡ, ಕಂದು ತಿರುಗುತ್ತದೆ. ನೆರಳಲ್ಲಿ, ಒಳಮೈ ಹೊರಗೆ.

ಬಿಸಿಲೂರು

ಬಾಲ್‌ಪೆನ್ ಇಂಕು? ಕಿಸ್ಯಾಗ ಸೋರಿ ಹುಣ್ಣಿಮಿ ಚಂದ್ರ ಆಗ್ಯದ.

ರಸಾಯನ

ಕಲೆಯ ಕೆಳಗೆ ಮಡಚಿದ ಟಿಶ್ಯೂ ಇಡಿ. ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹತ್ತಿಗೆ ಹಾಕಿ ಹೊರಗಿನಿಂದ ನಡುವಿಗೆ ಒತ್ತುತ್ತಾ ಬನ್ನಿ, ಇಂಕು ಕೆಳಗಿನ ಟಿಶ್ಯೂಗೆ ಇಳಿಯುತ್ತೆ. ಟಿಶ್ಯೂ ಬದಲಾಯಿಸ್ತಾ ಇರಿ. ಮೊದಲು ನೀರು ಹಾಕಿದರೆ ಹರಡುತ್ತೆ. ಜೆಲ್ ಪೆನ್ನಿನದಾದರೆ ಹೋಗೋದು ಕಷ್ಟ.

ಹೊಸಕೋಟು

ಮೂರು ವಾರ ಆಯ್ತು, ವರದಿ ಒಪ್ಪಿಸೋಕೆ ಬಂದೆ.

ಕೋಟು ಚಿವುಟಿ ನೋಡಿದೆ, ಫ್ಯೂಸಿಂಗೇ. ಡ್ರೈಕ್ಲೀನ್ ನಿಲ್ಲಿಸಿದ್ದೀನಿ. ನನ್ನದು ಸ್ಕೂಟರ್, ಮೊದಲು ಕೋಟನ್ನು ಬ್ಯಾಗಿಗೆ ತುರುಕುತ್ತಿದ್ದೆ. ಈಗ ನಮ್ಮ ಕೋರ್ಟಿನ ಒಬ್ಬ ಹಿರಿಯರು ತೋರಿಸಿದ ಹಾಗೆ, ಒಂದು ಹೆಗಲನ್ನು ಒಳಮೈ ಹೊರಗೆ ತಿರುಗಿಸಿ ಇನ್ನೊಂದು ಹೆಗಲನ್ನು ಅದರೊಳಗೆ ಕೂರಿಸಿ, ಉದ್ದಕ್ಕೆ ಮಡಚಿ, ಟವೆಲ್ ಸುತ್ತಿ ಒಯ್ತೀನಿ. ಸುಕ್ಕು ನಿಜವಾಗಿ ಕಡಿಮೆ.

ಪ್ಯಾಂಟು: ವಿನೆಗರ್ ಮಾಡಿದೆ. ಒಂದರಲ್ಲಿ ಹೊಳಪು ಅರ್ಧ ಇಳಿದಿದೆ, ಇನ್ನೊಂದು ಮಿಸುಕಲಿಲ್ಲ. ಮನೆಯಿಡೀ ಉಪ್ಪಿನಕಾಯಿ ವಾಸನೆ, ಅಮ್ಮ ಕಿಟಕಿಯೆಲ್ಲ ತೆಗೆದಿಟ್ಟರು. ಮಿಸುಕದ್ದನ್ನು ಶನಿವಾರ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡೋ ದಿನಕ್ಕೆ ಇಟ್ಟುಕೊಂಡಿದ್ದೀನಿ.

ಶರ್ಟು: ಆಕ್ಸಿಜನ್ ಪುಡಿಯಲ್ಲಿ ಎರಡು ಸಲ ನೆನೆಸಿದ ಮೇಲೆ ಎರಡರ ಕಾಲರ್ ಬೆಳ್ಳಗಾಗಿದೆ. ಮೂರನೆಯದನ್ನು ನಾನೇ ಮೊದಲು ಬ್ರಷ್ಷಲ್ಲಿ ಕೆರೆದು ಅಂಚು ಹರಿದುಕೊಂಡಿದ್ದೆ. ಮನೆ ಹತ್ತಿರದ ದರ್ಜಿ ಕಾಲರ್ ಬಿಚ್ಚಿ ತಿರುಗಿಸಿ ಹೊಲಿದುಕೊಟ್ಟರು. ಹರಿದ ಮೈ ಕೆಳಗೆ ಹೋಗಿ, ಹೊಸ ಮೈ ಮೇಲೆ ಬಂದಿದೆ. ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಇಸ್ತ್ರಿ ಅಣ್ಣನಿಗೆ ಮೇಲೆ ಬಟ್ಟೆ ಹಾಕೋಕೆ ಹೇಳಿದೆ. "ಹೇಳೋರು ಇದ್ದರೆ ಮಾಡ್ತೀವಿ ಸಾರ್" ಅಂದರು, ಎರಡು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ.

ಇಸ್ತ್ರಿಯವರಮಗಳು

ತಗೊಳ್ಳಲ್ಲ. ಯುಗಾದಿಗೆ ಒಂದು ಪಂಚೆ ಕೊಡಿ, ಹಾಸೋಕೂ ಆಗುತ್ತೆ.

ಕೈಹೊಲಿಗೆ

ಕಾಲರ್ ತಿರುಗಿಸೋ ದರ್ಜಿ ಇನ್ನೂ ಇದ್ದಾರೆ ಅಂದರೆ ಸಂತೋಷ, ಅಂಗಡಿ ಬಿಡಬೇಡಿ. ಒಂದು ಕೇಳ್ತೀನಿ. ಬಿಚ್ಚಿದಾಗ ಒಳಗಿನ ಬಕ್ರಂ, ಅಂದರೆ ಕಾಲರ್ ಗಟ್ಟಿ ನಿಲ್ಲೋಕೆ ಹಾಕೋ ಬಿರುಸು ಬಟ್ಟೆ, ಹಳದಿಯಾಗಿತ್ತಾ? ಆಗಿದ್ದು ಅದನ್ನೇ ವಾಪಸ್ ಹಾಕಿದ್ದರೆ ಎರಡು ತಿಂಗಳಲ್ಲಿ ಬೆವರಿಗೆ ಮತ್ತೆ ಮೇಲೆ ಬರುತ್ತೆ. ಹೊಸ ಬಕ್ರಂ ಹಾಕಿಸಿ, ಹಾಕೋ ಮೊದಲು ತಣ್ಣೀರಿನಲ್ಲಿ ಅದ್ದಿ ಒಣಗಿಸೋಕೆ ಹೇಳಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಕಾಲರ್ ತುದಿ ಮೇಲಕ್ಕೆ ಏಳುತ್ತೆ.

ಹೊಸಕೋಟು

ನೋಡಲಿಲ್ಲ ಸರ್. ಸಂಜೆ ಆ ದಾರಿಯಲ್ಲೇ ಬರ್ತೀನಿ, ಕೇಳ್ತೀನಿ.